ಹಸಿರು ಇಳಕಲ್ ಸೀರೆಗೆ ಯಾವ ಬಣ್ಣದ ರವಿಕೆ ಹೊಂದುತ್ತದೆ?

ಒಡಲಿನ ಹಸಿರನ್ನು ಸ್ವಲ್ಪ ಹೊತ್ತು ಮರೆತು ಸೆರಗು ನೋಡಿ. ಸಾಂಪ್ರದಾಯಿಕ ಇಳಕಲ್‌ನಲ್ಲಿ ಒಡಲು ಯಾವ ಬಣ್ಣದ್ದಿದ್ದರೂ ಟೋಪತೆನಿ (ಇಳಕಲ್‌ನ ಗುರುತಾದ ವಿನ್ಯಾಸದ) ಸೆರಗು ಸಾಮಾನ್ಯವಾಗಿ ಕೆಂಪು-ಬಿಳಿ. ರವಿಕೆಯ ಜೊತೆಗೆ ಎದ್ದು ಕಾಣುವುದು ಆ ಕೆಂಪೇ.

ಹಾಗಂತ ಅದೇ ಕೆಂಪು ಬಟ್ಟೆ ಹುಡುಕಿ ಸುಸ್ತಾಗಬೇಡಿ. ರೇಷ್ಮೆ ಸೆರಗಿನ ಕೆಂಪಿಗೆ ಹೊಳಪಿರುತ್ತದೆ. ಅದೇ ಬಣ್ಣದ ಹತ್ತಿ ಬಟ್ಟೆ ಪಕ್ಕದಲ್ಲಿ ಮಾಸಿದಂತೆ ಕಾಣುತ್ತದೆ. ಒಂದೆರಡು ಛಾಯೆ ಗಾಢವಾದ ಕುಂಕುಮಗೆಂಪು ಅಥವಾ ಮರೂನ್ ತೆಗೆದುಕೊಂಡರೆ ವ್ಯತ್ಯಾಸ ಬೇಕೆಂದೇ ಮಾಡಿದಂತಿರುತ್ತದೆ. ಹಸಿರು-ಕೆಂಪು ಎದುರುಬದುರು ಬಣ್ಣಗಳು; ಎರಡೂ ಅಷ್ಟೇ ಢಾಳಾಗಿದ್ದರೆ ಕಣ್ಣು ಕುಕ್ಕುತ್ತವೆ. ಗಿಳಿಹಸಿರಿಗಂತೂ ಮರೂನ್ ಬಣ್ಣದ ಗುಳೇದಗುಡ್ಡ ಖಣವೇ (ರವಿಕೆಗೆಂದೇ ನೇಯುವ ಬಟ್ಟೆ) ನನ್ನ ಆಯ್ಕೆ.

ಮೂರನೆಯ ಬಣ್ಣ ಬೇಕೇ? ದಡಿಯ ಸಣ್ಣ ಗೆರೆಯಿಂದ ಎತ್ತಿಕೊಳ್ಳಿ, ಉದಾಹರಣೆಗೆ ಸಾಸಿವೆ ಹಳದಿ. ನಾಲ್ಕನೆಯದು ಬೇಡ, ಬಳೆ ಹಸಿರೋ ಚಿನ್ನದ್ದೋ ಇರಲಿ.

ಅಂಗಡಿಯ ಹಳದಿ ದೀಪದಡಿ ನೀಲಿ ಛಾಯೆಯ ಮರೂನ್ ಕಂದುಬಣ್ಣವಾಗಿ ಕಾಣಬಹುದು. ಸೀರೆಯನ್ನೇ ಒಯ್ದು, ಬಾಗಿಲ ಬಳಿ ಹಗಲು ಬೆಳಕಿನಲ್ಲಿ ಸೆರಗಿನ ಮೇಲೆ ಬಟ್ಟೆ ಹಾಸಿ, ಆರು ಅಡಿ ದೂರದಿಂದ ನೋಡಿ. ಖಣಕ್ಕೆ ಇದು ಇನ್ನೂ ಮುಖ್ಯ: ಹಾಸು-ಹೊಕ್ಕು (ಉದ್ದ-ಅಡ್ಡ ನೂಲು) ಬೇರೆ ಬೇರೆ ಬಣ್ಣದ್ದಾದರೆ ದೂರಕ್ಕೆ ಎರಡೂ ಬೆರೆತು ಮತ್ತೊಂದೇ ಛಾಯೆ ಕಾಣುತ್ತದೆ.

ಬಿಳಿ, ಕೆನೆಬಣ್ಣದ ರವಿಕೆ ಚೆಂದವೇ. ಆದರೆ ಹೊಸ ಸೆರಗಿನ ಕೆಂಪು ಬೆವರಿಗೆ ಬಿಟ್ಟರೆ ರವಿಕೆಗೆ ಗುಲಾಬಿ ಕಲೆ ಅಂಟಬಹುದು. ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಸೆರಗಿನ ಮೂಲೆ ಉಜ್ಜಿ ನೋಡಿ.