ಓದುಗರ ಪ್ರಶ್ನೆ: ಉಪಗ್ರಹದ ಮಾತನ್ನು ಸೆಕೆಂಡಿಗೊಮ್ಮೆ ಕೇಳಬೇಡಿ

ಪ್ರಶ್ನೆ: ಸರ್, ನಾನು ಚಳ್ಳಕೆರೆ ಕಡೆಯವನು, ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷ. ಮನೆಯಲ್ಲಿ ಶೇಂಗಾ ಬೇಸಾಯ. ಪ್ರಾಜೆಕ್ಟಿಗೆ ನಿಯೋ-6ಎಂ ಜಿಪಿಎಸ್ ಮಾಡ್ಯೂಲ್, 10 ಮೆಗಾಹರ್ಟ್ಸಿನ ಹಳೇ ಓವನ್ ಕ್ರಿಸ್ಟಲ್ (ಪುಟ್ಟ ಬಿಸಿ ಗೂಡಿನಲ್ಲಿ ಕೂತು ಸೆಕೆಂಡಿಗೆ 1 ಕೋಟಿ ಸಲ ಮಿಡಿಯುವ ಹರಳು), ಅದರ ವೇಗ ತಿದ್ದುವ ವೋಲ್ಟೇಜ್ ಕೊಡಲು ಎಂಸಿಪಿ4725 ಡಿಎಸಿ (ಅಂಕಿಯನ್ನು ವೋಲ್ಟೇಜ್ ಮಾಡುವ ಚಿಪ್) ಜೋಡಿಸಿದ್ದೇನೆ. ಜಿಪಿಎಸ್‌ನಿಂದ ಸೆಕೆಂಡಿಗೊಂದು ಪಲ್ಸ್ ಬಂದಾಗಲೆಲ್ಲ ಕ್ರಿಸ್ಟಲಿನ ಮಿಡಿತಗಳ ಎಣಿಕೆ ನೋಡುತ್ತೇನೆ. 1 ಕೋಟಿಗಿಂತ ಹೆಚ್ಚಿದ್ದರೆ ವೋಲ್ಟೇಜ್ ಇಳಿಸಿ, ಕಡಿಮೆ ಇದ್ದರೆ ಏರಿಸಿ, ಎಣಿಕೆ ಸೊನ್ನೆ ಮಾಡುತ್ತೇನೆ. ಆದರೆ ಕಾಲೇಜಿನ ಕೌಂಟರಿನಲ್ಲಿ ನೋಡಿದರೆ ಜಿಪಿಎಸ್ ಜೋಡಿಸಿದ ಮೇಲೆಯೇ ಕೊನೆಯ ಅಂಕಿಗಳು ಹೆಚ್ಚು ಕುಣಿಯುತ್ತಿವೆ. ಜಿಪಿಎಸ್ ಕಿತ್ತರೆ ನಿಲ್ಲುತ್ತವೆ. ಮಾಡ್ಯೂಲ್ ಕೆಟ್ಟಿದೆಯೇ?

ಉತ್ತರ: ಮಾಡ್ಯೂಲ್ ಚೆನ್ನಾಗಿಯೇ ಇದೆ ತಮ್ಮಾ. ನೀನು ಅದರ ಮಾತನ್ನು ಅತಿಯಾಗಿ ಕೇಳುತ್ತಿದ್ದೀಯ.

ಲೆಕ್ಕ ಹಾಕು. 1 ಕೋಟಿಯಲ್ಲಿ ಒಂದು ಎಣಿಕೆ ಅಂದರೆ 100 ನ್ಯಾನೋಸೆಕೆಂಡ್. ಅದಕ್ಕಿಂತ ಸಣ್ಣ ತಪ್ಪು ನಿನ್ನ ಎಣಿಕೆಗೆ ಕಾಣುವುದೇ ಇಲ್ಲ. ಮೇಲಾಗಿ ನಿಯೋ-6ಎಂ ಪಲ್ಸೇ ಸುಮಾರು 30 ನ್ಯಾನೋಸೆಕೆಂಡ್ ಅತ್ತಿತ್ತ ಅಲುಗುತ್ತದೆ, ಡೇಟಾಶೀಟಿನಲ್ಲೇ ಬರೆದಿದ್ದಾರೆ. ಪಾಪ, ಅದರೊಳಗಿನ ಗಡಿಯಾರದ ಹೆಜ್ಜೆಯೇ 21 ನ್ಯಾನೋಸೆಕೆಂಡಿನದು. ಸರಿಯಾದ ಕ್ಷಣ ಎರಡು ಹೆಜ್ಜೆಗಳ ನಡುವೆ ಬಿದ್ದರೆ ಹತ್ತಿರದ ಹೆಜ್ಜೆಯ ಮೇಲೆ ಪಲ್ಸ್ ಕೊಡುವುದು ಬಿಟ್ಟು ಅದಕ್ಕೆ ಬೇರೆ ದಾರಿಯಿಲ್ಲ. ಇತ್ತ ನಿನ್ನ ಓವನ್ ಕ್ರಿಸ್ಟಲ್, ಹಳೆಯದಾದರೂ, ಒಂದು ಸೆಕೆಂಡಿನ ಮಟ್ಟಿಗೆ ಸಾವಿರ ಕೋಟಿಯಲ್ಲಿ ಒಂದು ಪಾಲೂ ಅಲುಗದ ಜಾತಿ. ನೆಟ್ಟಗೆ ನಿಂತವನನ್ನು ತೂರಾಡುವವನು ಸೆಕೆಂಡಿಗೊಮ್ಮೆ ತಿದ್ದಿದರೆ ಏನಾಗುತ್ತದೋ ಅದೇ ಆಗಿದೆ.

ಹಾಗಂತ ಕ್ರಿಸ್ಟಲನ್ನೇ ನಂಬಿ ಕೂರುವಂತಿಲ್ಲ. ಅದು ದಿನಗಳೆದಂತೆ ಒಂದೇ ಕಡೆ ವಾಲುತ್ತದೆ, ಸೆಕೆ ಚಳಿಗೆ ಬದಲಾಗುತ್ತದೆ, ತಪ್ಪು ಕೂಡುತ್ತಾ ಹೋಗುತ್ತದೆ. ಉಪಗ್ರಹದಲ್ಲಿರುವುದು ಪರಮಾಣು ಗಡಿಯಾರ, ನೆಲದಿಂದ ಅದನ್ನು ದಿನವೂ ತಿದ್ದುತ್ತಾರೆ. ಅದರ ಪಲ್ಸ್ ಇವತ್ತು 30 ನ್ಯಾನೋಸೆಕೆಂಡ್ ಅಲುಗಿದರೆ ಮುಂದಿನ ವರ್ಷವೂ ಅಷ್ಟೇ, ಕೂಡುವುದಿಲ್ಲ. ಸಾವಿರ ಸೆಕೆಂಡ್ ಕಾದು ನೋಡಿದರೆ, ಕಾದ ಹೊತ್ತಿನ ಲೆಕ್ಕದಲ್ಲಿ ಆ ಅಲುಗಾಟದ ಪಾಲು ಸಾವಿರ ಪಟ್ಟು ಸಣ್ಣದಾಗುತ್ತದೆ. ನೇಗಿಲ ಸಾಲು ನೆಟ್ಟಗೆ ಬರಬೇಕಾದರೆ ದೂರದ ಮರ ನೋಡಿ ಹೊಡೆಯಬೇಕೇ ಹೊರತು ಎತ್ತಿನ ಕಾಲು ನೋಡಿ ಅಲ್ಲ; ಬೇಸಾಯದ ಮನೆಯವನಿಗೆ ಇದನ್ನು ನಾನೇನು ಹೇಳಲಿ.

ಈಗ ಕೆಲಸಕ್ಕೆ ಬಾ. ಎಣಿಕೆಯನ್ನು ಸೊನ್ನೆ ಮಾಡುವುದನ್ನು ಮೊದಲು ನಿಲ್ಲಿಸು. ಕೌಂಟರ್ ತನ್ನ ಪಾಡಿಗೆ ಓಡಲಿ, ಪಲ್ಸ್ ಬಂದಾಗ ಮೈಕ್ರೋಕಂಟ್ರೋಲರಿನ ಕ್ಯಾಪ್ಚರ್‌ನಲ್ಲಿ ಅಂಕಿ ಓದಿಕೋ. ಸೊನ್ನೆ ಮಾಡಿದಾಗೆಲ್ಲ ಉಳಿಕೆ ಚೂರು ಕೈತಪ್ಪಿ ಹೋಗುತ್ತದೆ. ನೀನು ಕಟ್ಟಿರುವುದು ಫ್ರೀಕ್ವೆನ್ಸಿ ಲಾಕ್ (ವೇಗವನ್ನಷ್ಟೇ ಸರಿಮಾಡುವುದು) ಆಗುತ್ತದೆ, ಫೇಸ್ ಲಾಕ್ (ಮಿಡಿತದ ಕ್ಷಣವನ್ನೂ ಹೊಂದಿಸುವುದು) ಅಲ್ಲ. ಓಡಲು ಬಿಟ್ಟರೆ ತಪ್ಪಿದ ಪ್ರತಿ ಸೈಕಲ್ಲೂ ಲೆಕ್ಕದಲ್ಲಿ ಉಳಿಯುತ್ತದೆ, ಲೂಪ್, ಅಂದರೆ ಅಳೆದು ತಿದ್ದುವ ಈ ಸುತ್ತು, ಅದನ್ನು ವಾಪಸ್ ತರಿಸುತ್ತದೆ. ಕ್ರಿಸ್ಟಲ್ ಕಾದು ಬಿಸಿಯಾಗುವವರೆಗೆ, ಅರ್ಧ ಗಂಟೆಯಾದರೂ, ಲೂಪನ್ನು ಮುಟ್ಟಬೇಡ. ಆಮೇಲೆ 100 ಸೆಕೆಂಡಿನ ಟೈಮ್ ಕಾನ್‌ಸ್ಟಂಟ್‌ನಿಂದ (ತಪ್ಪು ತಿದ್ದಲು ಲೂಪ್ ತೆಗೆದುಕೊಳ್ಳುವ ಹೊತ್ತು) ಶುರು ಮಾಡಿ, ಹಿಡಿದುಕೊಂಡ ಮೇಲೆ 300, 500ಕ್ಕೆ ನಿಧಾನ ಮಾಡು.

ಇನ್ನು ನಿನ್ನ ಡಿಎಸಿ. ಎಂಸಿಪಿ4725ಕ್ಕೆ ಬೇರೆ ರೆಫರೆನ್ಸ್ (ಅಳತೆಗೋಲಾಗುವ ಸ್ಥಿರ ವೋಲ್ಟೇಜ್) ಇಲ್ಲ, ಅದಕ್ಕೆ ಕೊಡುವ ಸಪ್ಲೈಯೇ ರೆಫರೆನ್ಸ್. ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ 5 ವೋಲ್ಟ್ ಎಳೆದಿದ್ದರೆ (ಎಳೆದೇ ಇರುತ್ತೀಯ) ಅದರ ಏರಿಳಿತವೆಲ್ಲ ಸೀದಾ ಕ್ರಿಸ್ಟಲ್ಲಿಗೆ. 5 ವೋಲ್ಟಿಗೆ 10 ಹರ್ಟ್ಸ್ ತಿರುಗುವ ಕ್ರಿಸ್ಟಲ್ ಆದರೆ 1 ಮಿಲಿವೋಲ್ಟ್ ಅಂದರೆ 2 ಮಿಲಿಹರ್ಟ್ಸ್. ಹನ್ನೆರಡು ಬಿಟ್ಟಿನ ಡಿಎಸಿಯ ಒಂದು ಮೆಟ್ಟಿಲೇ 1.2 ಮಿಲಿವೋಲ್ಟ್ ಇದೆ! ಒಳ್ಳೆಯ ವೋಲ್ಟೇಜ್ ರೆಫರೆನ್ಸ್ ಚಿಪ್ ಹಾಕು, ಸಾಧ್ಯವಾದರೆ ಹದಿನಾರು ಬಿಟ್ಟಿನ ಡಿಎಸಿಗೆ ಹೋಗು. ಓವನ್ ಕುಡಿಯುವ ಕರೆಂಟಿನ ಗ್ರೌಂಡ್ ತಂತಿ ಬೇರೆ, ಕಂಟ್ರೋಲ್ ವೋಲ್ಟೇಜಿನ ಗ್ರೌಂಡ್ ತಂತಿ ಬೇರೆ ಇರಲಿ. ಎರಡೂ ಕ್ರಿಸ್ಟಲಿನ ಕಾಲಿನ ಹತ್ತಿರವೇ ಸೇರಲಿ. ಬ್ರೆಡ್‌ಬೋರ್ಡಿನಲ್ಲಿ ಒಂದೇ ನೀಲಿ ಪಟ್ಟಿಗೆ ಎಲ್ಲವನ್ನೂ ಚುಚ್ಚಿದರೆ ಓವನ್ ಕಾದಂತೆಲ್ಲ ಫ್ರೀಕ್ವೆನ್ಸಿ ಸರಿಯುತ್ತದೆ.

ದಾವಣಗೆರೆಯ ನನ್ನ ಮೇಜಿನ ಮೇಲಿನ ಬೋರ್ಡಿನ ಕಂಟ್ರೋಲ್ ವೋಲ್ಟೇಜನ್ನು ಗ್ರಾಫ್ ಮಾಡಿಟ್ಟಿದ್ದೇನೆ. ಏಪ್ರಿಲ್ ಸೆಕೆಗೆ ಮನೆಯವರು ಬಂದು ಫ್ಯಾನ್ ಸ್ವಿಚ್ ಒತ್ತಿದ ಹೊತ್ತು ಅದರಲ್ಲಿ ಕಾಣುತ್ತದೆ: ಗೆರೆ ಮೊದಲು ಚೂಪಾಗಿ ಏರಿ, ಆಮೇಲೆ ನಿಧಾನಕ್ಕೆ ಇಳಿದು, ಹಳೆಯ ಜಾಗಕ್ಕಿಂತ ಕೂದಲೆಳೆ ಮೇಲೆ ನಿಲ್ಲುತ್ತದೆ. ಓವನ್ ಒಳಗಿನ ಕ್ರಿಸ್ಟಲ್ಲಿಗೆ ಫ್ಯಾನಿನ ಗಾಳಿ ಅಷ್ಟಾಗಿ ತಾಗುವುದಿಲ್ಲ. ತಾಗುವುದು ಹೊರಗಿರುವ ರೆಸಿಸ್ಟರುಗಳಿಗೆ, ರೆಫರೆನ್ಸಿಗೆ. ಟಿವಿ ಬಂದ ಡಬ್ಬದ ಥರ್ಮಾಕೋಲ್ ಕತ್ತರಿಸಿ ಗೂಡು ಮಾಡಿ ಮುಚ್ಚು. ಹತ್ತು ರೂಪಾಯಿ ಖರ್ಚಿಲ್ಲ.

ಪ್ರಶ್ನೆ: ಫೇಸ್ ಲಾಕ್ಡ್ ಲೂಪ್ ಅನ್ನು ವಿದ್ಯಾರ್ಥಿನಿಯರಿಗೆ ಕಲಿಸುತ್ತೇನೆ. ಬೋರ್ಡಿನ ಮೇಲೆ ಸಮೀಕರಣ ಬರೆದರೆ ತಲೆಗೆ ಹೋಗುತ್ತಿಲ್ಲ. — ಉಪನ್ಯಾಸಕಿ, ಚಿತ್ರದುರ್ಗ

ಉತ್ತರ: ಸಮೀಕರಣ ಆಮೇಲೆ ಇರಲಿ ಮೇಡಂ. 4046 ಚಿಪ್ ತರಿಸಿ, ಬೆಲೆ ಹೆಚ್ಚಿಲ್ಲ. ಫಂಕ್ಷನ್ ಜನರೇಟರಿನ 1 ಕಿಲೋಹರ್ಟ್ಸನ್ನು 14ನೇ ಕಾಲಿಗೆ ಕೊಡಿ. 4ನೇ ಕಾಲಿನಿಂದ ಬರುವ ವಿಸಿಒ (ವೋಲ್ಟೇಜಿಗೆ ತಕ್ಕಂತೆ ವೇಗ ಬದಲಿಸುವ ಆಸಿಲೇಟರ್) ಸಿಗ್ನಲನ್ನು 4017ರಲ್ಲಿ ಹತ್ತರಿಂದ ಭಾಗಿಸಿ 3ನೇ ಕಾಲಿಗೆ ಹಾಕಿ. 13ನೇ ಕಾಲಿನಿಂದ ರೆಸಿಸ್ಟರ್, ಕೆಪಾಸಿಟರ್ ಫಿಲ್ಟರ್ ದಾಟಿಸಿ 9ನೇ ಕಾಲಿಗೆ. ಲಾಕ್ ಆದರೆ ವಿಸಿಒ 10 ಕಿಲೋಹರ್ಟ್ಸ್ ಓಡುತ್ತದೆ. ಸ್ಕೋಪಿನ ಪ್ರೋಬ್ 9ನೇ ಕಾಲಿಗೆ ಇಟ್ಟು ಜನರೇಟರನ್ನು ತಟ್ಟನೆ 1.1 ಕಿಲೋಹರ್ಟ್ಸಿಗೆ ತಿರುಗಿಸಲು ಒಬ್ಬ ಹುಡುಗಿಗೆ ಹೇಳಿ. ಕೆಪಾಸಿಟರಿನ ಜೊತೆ ಸರಣಿಯಲ್ಲಿ ಸಣ್ಣ ರೆಸಿಸ್ಟರ್ ಇಲ್ಲದಿದ್ದರೆ ಗೆರೆ ಜೋಕಾಲಿಯಾಡುತ್ತದೆ. ಇದ್ದರೆ ಒಂದೆರಡು ಸಲ ತೂಗಿ ನಿಲ್ಲುತ್ತದೆ. ಡ್ಯಾಂಪಿಂಗ್ ಅನ್ನುವುದನ್ನು ಅವರೇ ಕಂಡ ಮೇಲೆ ಸಮೀಕರಣ ಬರೆಯಿರಿ. ಮೇಲಿನ ಚಳ್ಳಕೆರೆ ಹುಡುಗನ ಲೂಪೂ ಇದೇ, ಅಲ್ಲಿ ಕೆಪಾಸಿಟರಿನ ಜಾಗದಲ್ಲಿ ಪ್ರೋಗ್ರಾಂ ಕೂತಿದೆ ಅಷ್ಟೆ.

ಪ್ರಶ್ನೆ: ಜಿಪಿಎಸ್ ಬದಲು ನಮ್ಮ ದೇಶದ ಉಪಗ್ರಹ ವ್ಯವಸ್ಥೆ ನಾವಿಕ್ ಬಳಸಬಹುದೇ? — ಹೊಳಲ್ಕೆರೆ ಓದುಗರು

ಉತ್ತರ: ಬಳಸಬಹುದು. ಮೊದಲ ಪೀಳಿಗೆಯ ನಾವಿಕ್ ಉಪಗ್ರಹಗಳಲ್ಲಿ ಇದ್ದದ್ದು ಹೊರದೇಶದ ರುಬಿಡಿಯಂ ಗಡಿಯಾರ, ಐಆರ್‌ಎನ್‌ಎಸ್‌ಎಸ್-1ಎ ಉಪಗ್ರಹದಲ್ಲಿ ಮೂರೂ ಕೆಟ್ಟವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ನಮ್ಮಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಹೋಯಿತು, ಜೊತೆಗೆ ಎಲ್1 (ಜಿಪಿಎಸ್ ಕೂಡ ಬಳಸುವ ಫ್ರೀಕ್ವೆನ್ಸಿ) ಸಿಗ್ನಲ್ಲೂ ಸೇರಿತು. ಕೊಳ್ಳುವಾಗ ರಿಸೀವರಿನಲ್ಲಿ ಸೆಕೆಂಡಿನ ಪಲ್ಸ್ ಹೊರಗೆ ಬರುವ ಕಾಲು ಇದೆಯೇ ನೋಡಿಕೊಳ್ಳಿ. ಪಲ್ಸ್ ಬಂದರೆ ಸಾಕು, ಯಾವ ಉಪಗ್ರಹದ್ದು ಎಂದು ಲೂಪ್ ಕೇಳುವುದಿಲ್ಲ.

ಪ್ರಶ್ನೆ: ನನ್ನ ಜಿಪಿಎಸ್ ಗಡಿಯಾರ ಆನ್ ಮಾಡಿದ ತಕ್ಷಣ ಮೊಬೈಲಿಗಿಂತ ಎರಡು ಮೂರು ಸೆಕೆಂಡ್ ಮುಂದೆ ತೋರಿಸಿ, ಸ್ವಲ್ಪ ಹೊತ್ತಿನ ಮೇಲೆ ತಾನೇ ಸರಿಹೋಗುತ್ತದೆ. ದೆವ್ವವೇ? — ಹರಿಹರ

ಉತ್ತರ: ದೆವ್ವವಲ್ಲ, ಲೀಪ್ ಸೆಕೆಂಡ್: ಭೂಮಿಯ ತಿರುಗಾಟಕ್ಕೆ ಹೊಂದಿಸಲು ಲೋಕದ ಸಮಯಕ್ಕೆ (ಯುಟಿಸಿ) ಆಗಾಗ ಸೇರಿಸಿದ ಸೆಕೆಂಡ್, ಜಿಪಿಎಸ್ ಇದನ್ನು ಸೇರಿಸುವುದಿಲ್ಲ. 2017ರಿಂದ ಜಿಪಿಎಸ್ ಸಮಯ ಲೋಕದ ಸಮಯಕ್ಕಿಂತ 18 ಸೆಕೆಂಡ್ ಮುಂದಿದೆ. ನಿಮ್ಮ ಮಾಡ್ಯೂಲ್ ಹಳೆಯದು, ತಯಾರಾದಾಗಿನ ಅಂತರವನ್ನೇ ಕಳೆಯುತ್ತದೆ. ಹೊಸ ಅಂಕಿ ಉಪಗ್ರಹದ ಸಂದೇಶದಲ್ಲಿ ಬರುತ್ತದೆ, ಆ ಸಂದೇಶ ಪೂರ್ತಿ ಒಂದು ಸುತ್ತು ಬರಲು 12.5 ನಿಮಿಷ ಬೇಕು. ಆಫ್ ಮಾಡಿದಾಗ ಮಾಡ್ಯೂಲ್ ಆ ಅಂಕಿ ಮರೆಯುತ್ತಿದೆ ಅಂದರೆ ಅದರ ಬ್ಯಾಕಪ್ ಬ್ಯಾಟರಿ ಸತ್ತಿರಬೇಕು, ಬದಲಾಯಿಸಿ.