ಯಾದಗಿರಿಯಿಂದ ಮೈಲಾಪುರ ಗುಡ್ಡಕ್ಕೆ ನಡೆದು ಹೋಗಬಹುದಾ?

ಯಾದಗಿರಿಯಿಂದ ಮೈಲಾಪುರ ಮಲ್ಲಯ್ಯನ ಗುಡ್ಡಕ್ಕೆ ನಡೆದು, ಅದೇ ರಾತ್ರಿ ಕಲಬುರಗಿ ಸೇರಬಹುದಾ ಅಂತ ಕೇಳಿದ್ದೀರಿ. ಆಗುತ್ತದೆ ಸರ್, ಆದರೆ ವಾಪಸ್ ಬರೋದು ಗಾಡಿಯಲ್ಲೇ ಇರಲಿ. ಹೋಗೋದೇ ಸುಮಾರು 20 ಕಿ.ಮೀ. ಹಿಂದಿನ ರಾತ್ರಿಯೇ ರೈಲಿನಲ್ಲಿ ಬಂದು ಯಾದಗಿರಿಯಲ್ಲಿ ಉಳಿಯಿರಿ, ನಸುಕಿನಲ್ಲೇ ಹೊರಡಿ.

ಗುಡಿ ಇರೋದು ಗುಡ್ಡದ ಗುಹೆಯಲ್ಲಿ. ಆದರೆ ಹತ್ತೋದಕ್ಕಿಂತ ದಾರಿಯೇ ಜಾಸ್ತಿ ದಣಿಸುತ್ತದೆ. ಹತ್ತಿ, ತೊಗರಿ ಹೊಲಗಳ ನಡುವೆ ನೆರಳೇ ಸಿಗಲ್ಲ, ಮಳೆ ಬಿದ್ದರಂತೂ ಎರೆಮಣ್ಣು ಬೂಟಿಗೆ ಮೆತ್ತಿಕೊಂಡು ಒಂದೊಂದು ಹೆಜ್ಜೆಯೂ ಭಾರ. ಮೊಬೈಲ್ ಮ್ಯಾಪ್ ನಂಬಿ ಹೊಲಕ್ಕೆ ಇಳಿಯೋ ಬದಲು ಕುರಿ ಕಾಯೋರನ್ನು ಕೇಳಿ. 4 ಲೀಟರ್ ನೀರು, ಜೋಳದ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ಕಟ್ಟಿಕೊಳ್ಳಿ.

ಸಂಕ್ರಾಂತಿ ಜಾತ್ರೆ ಬೇರೆಯೇ ಲೋಕ. ಪಲ್ಲಕ್ಕಿ ಹೊನ್ನಕೆರೆಗೆ ಹೊರಟಾಗ ‘ಏಳುಕೋಟಿಗೆ ಏಳುಕೋಟಿ’ ಅನ್ನೋ ಕೂಗು, ಮೈತುಂಬ ಭಂಡಾರ (ಅರಿಶಿನ ಪುಡಿ). ಮೊದಲು ಪಲ್ಲಕ್ಕಿ ಮೇಲೆ ಕುರಿಮರಿ ಎಸೆಯುತ್ತಿದ್ದರು, ಈಗ ಅದಕ್ಕೆ ನಿಷೇಧವಿದೆ (ಒಳ್ಳೆಯದೇ ಆಯ್ತು). ನೋಡಲೇಬೇಕು, ಆದರೆ ನಡಿಗೆಗೆ ಆ ದಿನ ಬೇಡ, ಆ ಗದ್ದಲದಲ್ಲಿ ಗುಡ್ಡ ಹತ್ತೋದೇ ಕಷ್ಟ. ಜಾತ್ರೆ ಮುಗಿದ ಮೇಲೆ, ಫೆಬ್ರವರಿಯೊಳಗೆ ಹೋಗಿಬನ್ನಿ. ಮಾರ್ಚ್ ಬಂದರೆ ನಮ್ಮ ಕಡೆ ಬಿಸಿಲು ಗೊತ್ತಲ್ವಾ.