ಸಿಸ್ಟಮ್ ಅಡ್ಮಿನ್ ಹುದ್ದೆಗೆ ಅನುಭವಿಯೋ, ಚುರುಕಾದ ಹೊಸಬರೋ?

ಕಚೇರಿಯ ಸರ್ವರ್‌ಗಳನ್ನು ನೋಡಿಕೊಳ್ಳಲು ಒಬ್ಬರನ್ನಷ್ಟೇ ನೇಮಿಸಿಕೊಳ್ಳಬಹುದಾದಾಗ, ಎಂಟು ವರ್ಷ ದುಡಿದವರು ಮೇಲೋ, ಈಗಷ್ಟೇ ಓದು ಮುಗಿಸಿದ ಬಹಳ ಚುರುಕಾದವರು ಮೇಲೋ ಎಂದು ಕೇಳಿದ್ದೀರಿ. ಪಕ್ಕದಲ್ಲಿ ಕೇಳಿ ತಿಳಿಯಲು ಯಾರೂ ಇಲ್ಲದ ಹುದ್ದೆಯಾದ್ದರಿಂದ ನಾನಾದರೆ ಅನುಭವಿಯನ್ನೇ ಆರಿಸುತ್ತೇನೆ, ಆದರೆ ಬಯೋಡೇಟಾದಲ್ಲಿರುವ ವರ್ಷಗಳನ್ನು ಎಣಿಸಿ ಆರಿಸುವುದಿಲ್ಲ.

ಈ ಕೆಲಸದಲ್ಲಿ ಪದೇ ಪದೇ ಎದುರಾಗುವ ತೊಂದರೆಯೊಂದನ್ನು ನೋಡಿ. ಡಿಸ್ಕ್ ತುಂಬಿತೆಂದು ಸರ್ವರ್‌ನ ಆಗುಹೋಗುಗಳು ದಾಖಲಾಗುವ ದೊಡ್ಡದೊಂದು ಲಾಗ್ ಫೈಲನ್ನು ಅಳಿಸಿದ ಮೇಲೂ, ಡಿಸ್ಕ್‌ನಲ್ಲಿ ಎಷ್ಟು ಜಾಗ ಖಾಲಿಯಿದೆಯೆಂದು ತಿಳಿಸುವ ಲಿನಕ್ಸ್‌ನ ‘ಡಿಎಫ್’ ಕಮಾಂಡ್ ಡಿಸ್ಕ್ ತುಂಬಿದೆಯೆಂದೇ ತೋರಿಸುತ್ತದೆ, ಫೈಲ್‌ಗಳ ಗಾತ್ರ ಕೂಡಿಸಿ ಹೇಳುವ ‘ಡಿಯು’ ಮಾತ್ರ ಕಡಿಮೆ ಲೆಕ್ಕ ಕೊಡುತ್ತದೆ. ಯಾವುದೋ ಪ್ರೋಗ್ರಾಂ ಆ ಫೈಲನ್ನು ಇನ್ನೂ ತೆರೆದಿಟ್ಟುಕೊಂಡಿರುವುದರಿಂದ, ಹೆಸರು ಅಳಿದರೂ ಜಾಗ ಬಿಡುಗಡೆಯಾಗಿರುವುದಿಲ್ಲ. ಬುದ್ಧಿವಂತ ಹೊಸಬರು ಇದನ್ನು ಸ್ವಲ್ಪ ಹೊತ್ತಿನಲ್ಲೇ ಪತ್ತೆಹಚ್ಚುತ್ತಾರೆ, ಪತ್ತೆಯಾದ ಖುಷಿಯಲ್ಲಿ ಆ ಪ್ರೋಗ್ರಾಂ ಅನ್ನು ರೀಸ್ಟಾರ್ಟ್ ಮಾಡಲೂ ಹೊರಡುತ್ತಾರೆ. ಅದು ಡೇಟಾಬೇಸ್ ಆಗಿದ್ದರೆ, ಅಕೌಂಟ್ಸ್‌ನವರು ಅದೇ ಹೊತ್ತಿಗೆ ಸಂಬಳದ ಲೆಕ್ಕ ಹಾಕುತ್ತಿದ್ದಾರೆಯೇ ಎಂದು ಮೊದಲು ಫೋನ್ ಮಾಡಿ ವಿಚಾರಿಸಬೇಕೆಂಬುದು ಪೆಟ್ಟು ತಿಂದವರಿಗೆ ಬೇಗ ಹೊಳೆಯುತ್ತದೆ.

ಹಾಗೆಂದು ಅನುಭವವೊಂದೇ ಕಾಪಾಡುವುದಿಲ್ಲ. 2017ರ ಜನವರಿ 31ರಂದು ಸಾಫ್ಟ್‌ವೇರ್ ಕೋಡ್ ಇಟ್ಟುಕೊಳ್ಳುವ ತಾಣ ನಡೆಸುವ ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು, ನಕಲು ಪ್ರತಿ ಇರುವ ಎರಡನೆಯ ಸರ್ವರ್ ಎಂದುಕೊಂಡು ಮುಖ್ಯ ಸರ್ವರ್‌ನ ಡೇಟಾಬೇಸ್ ಫೋಲ್ಡರನ್ನೇ ಅಳಿಸಿದರು. ಸುಮಾರು 300 ಜಿಬಿ ದತ್ತಾಂಶ ಹೋಯಿತು. ಸಾಫ್ಟ್‌ವೇರ್ ಆವೃತ್ತಿಗಳು ಹೊಂದದೆ ನಿತ್ಯದ ಬ್ಯಾಕಪ್ ವಿಫಲವಾಗುತ್ತಿತ್ತು, ಅದನ್ನು ತಿಳಿಸಬೇಕಿದ್ದ ಇಮೇಲ್‌ಗಳೂ ತಿರಸ್ಕೃತವಾಗುತ್ತಿದ್ದವು. ಸುಮಾರು ಆರು ಗಂಟೆ ಮೊದಲು ಬೇರೆ ಉದ್ದೇಶಕ್ಕೆ ತೆಗೆದಿದ್ದ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ದತ್ತಾಂಶದ ಪ್ರತಿ, ಇದ್ದುದರಿಂದ ಉಳಿದದ್ದು ಉಳಿಯಿತು. (ಇದೆಲ್ಲವನ್ನೂ ಆ ಸಂಸ್ಥೆಯೇ ಮುಚ್ಚುಮರೆಯಿಲ್ಲದೆ ಪ್ರಕಟಿಸಿತು, ಅದು ಮೆಚ್ಚತಕ್ಕದ್ದು.) ಅಲ್ಲಿದ್ದವರಿಗೆ ಬುದ್ಧಿಯಾಗಲಿ ಅನುಭವವಾಗಲಿ ಕಡಿಮೆಯಿತ್ತೆಂದು ನನಗನಿಸುವುದಿಲ್ಲ, ಬ್ಯಾಕಪ್ಪಿನಿಂದ ದತ್ತಾಂಶ ನಿಜಕ್ಕೂ ಮರಳಿ ಬರುತ್ತದೆಯೇ ಎಂದು ಆಗಾಗ ಪರೀಕ್ಷಿಸುವ ರೂಢಿ ಇರಲಿಲ್ಲ.

ಆದ್ದರಿಂದ ಸಂದರ್ಶನದಲ್ಲಿ ಅನುಭವಿಯನ್ನು ಕಮಾಂಡ್‌ಗಳ ಬಗ್ಗೆ ಕೇಳಬೇಡಿ. ಕಳೆದ ಬಾರಿ ಬ್ಯಾಕಪ್ಪಿನಿಂದ ದತ್ತಾಂಶವನ್ನು ಮರಳಿ ತಂದದ್ದು ಯಾವಾಗ, ಎಷ್ಟು ಹೊತ್ತು ಹಿಡಿಯಿತು, ಏನು ಬರಲಿಲ್ಲ ಎಂದು ಕೇಳಿ. ಎಂಟು ವರ್ಷವೂ ಪಾಸ್‌ವರ್ಡ್ ಬದಲಿಸಿಕೊಡುವುದರಲ್ಲೇ ಕಳೆದವರು ಇಲ್ಲಿ ತಡವರಿಸುತ್ತಾರೆ. ಅಂಥವರೇ ಸಿಕ್ಕರೆ ಆ ಹೊಸಬರನ್ನು ತೆಗೆದುಕೊಂಡು, ಮೊದಲ ವರ್ಷದ ಮಟ್ಟಿಗೆ ದೊಡ್ಡ ಬದಲಾವಣೆಗಳಿಗೆ ಮುನ್ನ ಸಲಹೆ ಕೇಳಲು ಹೊರಗಿನ ಅನುಭವಿಯೊಬ್ಬರನ್ನು ಸಂಭಾವನೆ ಕೊಟ್ಟು ಗೊತ್ತುಮಾಡಿಕೊಳ್ಳಿ.